ಕಮಲಾಪುರದ ಹುಣಸೆಯ ಕೆಳಗೆ ಹೇಳದೆ ಉಳಿದ ಐಬು

ಗಾಜಿಪುರದ ಈ ಅಂಗಳಕ್ಕೆ ಬಂದು ಕೂತಿರುವ ಹಿರಿಯರಿಗೆ, ನಮ್ಮ ಕಚೇರಿಯ ಗೆಳೆಯರಿಗೆ, ಒಳಗೆ ಪಡಸಾಲೆಯ ಬಾಗಿಲ ಮರೆಯಲ್ಲಿ ಕೂತಿರುವ ಭಾಗಮ್ಮನವರಿಗೆ ನನ್ನ ನಮಸ್ಕಾರ. ದೇವೀಂದ್ರಪ್ಪನವರು ಲಿಂಗೈಕ್ಯರಾಗಿ ಇಂದಿಗೆ ಹದಿನೈದು ದಿನ. ಹನ್ನೆರಡು ವರ್ಷ ಅವರೂ ನಾನೂ ಗಿರ್ದಾವರರಾಗಿ ಕುದುರೆಯ ಮೇಲೆ ಹಳ್ಳಿ ಹಳ್ಳಿ ತಿರುಗಿ ಸರಕಾರಕ್ಕೆ ಹೊಲ ಬೆಳೆ ನೋಡಿ ಬರೆದುಕೊಂಡು ಬಂದವರು. ಅದಕ್ಕೇ ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ.

ನಿನ್ನೆ ಅವರ ಮಡದಿ ಭಾಗಮ್ಮನವರು ನನ್ನನ್ನು ಕರೆಸಿ ಒಂದು ಮಾತು ಕೇಳಿದರು. "ಅಣ್ಣಾರ, ಆ ಕುದ್ರಿ ಮಂಡಳಿ ಕಟ್ಟಿ ಇವರಿಗೆ ಏನ್ ಲಾಭ ಆತು? ಅದೊಂದು ಹೇಳ್ರಿ ಸಭಾದಾಗ. ಉಳಿದದ್ದು ನನಗ ಗೊತ್ತದ."

ಉಳಿದದ್ದನ್ನು ನಾನೂ ಹೇಳುವುದಿಲ್ಲ. ಅದೊಂದನ್ನೇ ಹೇಳುತ್ತೇನೆ.

ಐದು ವರ್ಷದ ಹಿಂದೆ ಅವರು ಸವಾರಿ ಮಂಡಳಿ ಎಂದಾಗ ನಾವೆಲ್ಲ ನಕ್ಕೆವು. ವಾರವಿಡೀ ತಡಿಯ ಮೇಲೆ ಕೂತು ಸೊಂಟ ಹಿಡಿದವರು ರಜೆಯ ದಿನವೂ ಕುದುರೆ ಹತ್ತಬೇಕೆ? ದೇವೀಂದ್ರಪ್ಪ ಮಾತ್ರ ಎಲ್ಲರ ಮೇಜಿನ ಮುಂದೆ ನಿಂತು — ಹೀಗೆ, ಬೆರಳು ಮಡಿಸುತ್ತ — ಲಾಭ ಹೇಳುತ್ತಿದ್ದರು. ಹೊಟ್ಟೆ ಹಸಿಯುತ್ತದೆ. ನಿದ್ದೆ ಬರುತ್ತದೆ. ಸರಕಾರಿ ಕೆಲಸದ ದೌರೆಯಲ್ಲಿ ನೋಡಿಯೂ ಕಾಣದ ಹಾದಿ ಕಾಣುತ್ತದೆ. ನಾಲ್ಕನೆಯ ಬೆರಳು ಬಂದಾಗ ಸ್ವಲ್ಪ ತಡೆದು, ಅದನ್ನು ಮಡಿಸದೆ ಹಾಗೇ ಬಿಡುತ್ತಿದ್ದರು. ನಾಲ್ಕನೆಯದು ಯಾವುದು ಎಂದು ನಾವು ಕೇಳಲಿಲ್ಲ.

ಹದಿನೈದು ದಿನಕ್ಕೊಮ್ಮೆ, ಗುರುವಾರ ಕಚೇರಿ ಬಿಟ್ಟ ಮೇಲೆ ಕೋಟೆಯ ಕಂದಕದ ಬಳಿ ಆರು ಜನ ಸೇರುತ್ತಿದ್ದೆವು. ರಾತ್ರಿ ಕಮಲಾಪುರದಲ್ಲಿ ತಂಗಿದ್ದು, ಶುಕ್ರವಾರ ರಜೆಯ ದಿನ ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಮರಳುವುದು. ಒಂದೇ ನೇಮ. ಮರಳಿ ಬರುವಾಗ ಯಾರೂ ತಮ್ಮ ಕುದುರೆ ಹತ್ತುವಂತಿಲ್ಲ, ಅದಲು ಬದಲಾಗಬೇಕು. ಅದಕ್ಕೆ ಮೊದಲು ಊರ ಹೊರಗಿನ ಹುಣಸೆಯ ಕೆಳಗೆ ಒಬ್ಬೊಬ್ಬರಾಗಿ ನಿಂತು ತಮ್ಮ ಕುದುರೆಯ ಐಬು ಹೇಳಬೇಕು. ಕಚ್ಚುತ್ತದೆ. ನೀರಿಗೆ ಇಳಿಯುವುದಿಲ್ಲ. ಇಳಿಜಾರಿನಲ್ಲಿ ಮುಗ್ಗರಿಸುತ್ತದೆ. ಎಲ್ಲರ ಎದುರು, ಗಟ್ಟಿಯಾಗಿ.

ಹನ್ನೆರಡು ವರ್ಷ ಒಂದೇ ಮಾಡಿನ ಕೆಳಗೆ ಕೂತವರು ನಾವು. ಒಬ್ಬರ ತಪ್ಪನ್ನು ಇನ್ನೊಬ್ಬರು ಮೇಲಧಿಕಾರಿ ಸಾಹೇಬರ ಕಿವಿಗೆ ಹಾಕಿದ್ದು ಬಿಟ್ಟರೆ, ತನ್ನದೆಂಬ ಕೊರತೆಯನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹುಣಸೆಯ ಕೆಳಗೆ ಹೇಳಿದೆವು. ಕುದುರೆಯ ಹೆಸರಿನಲ್ಲಿ ಹೇಳಿದೆವು, ಆದರೂ ಹೇಳಿದೆವು. ಆ ನಾಲ್ಕನೆಯ ಬೆರಳು ಇದೇ ಇದ್ದಿರಬೇಕು. ನನ್ನ ಊಹೆ ಅಷ್ಟೆ — ಈಗ ಕೇಳಲು ಅವರಿಲ್ಲ.

ನನ್ನ ಹಳೆಯ ಕುದುರೆ ಇಲ್ಲಿ ಬಹಳ ಜನಕ್ಕೆ ಗೊತ್ತು. ಅದರ ಐಬಿನ ಪಟ್ಟಿ ಉದ್ದ. ಜಹೀರುದ್ದೀನ್ ಸಾಹೇಬರು — ಅಗೋ ಅಲ್ಲಿ, ಕಂಬದ ಹತ್ತಿರ ಇದ್ದಾರೆ — ಪ್ರತಿ ಸಲ ನೆಲಕ್ಕೆ ಕೂತು ಬೀಡಿ ಹಚ್ಚುತ್ತಿದ್ದರು. "ನೀವು ಹೇಳ್ತಾ ಇರ್ರಿ ರಾಯರ. ನಿಮ್ದು ಮುಗಿಯೋದ್ರಾಗ ನನ್ನ ಕುದ್ರಿ ಮುದುಕ ಆಗ್ತದ." ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಐದು ವರ್ಷ ನಕ್ಕೆ.

ಕಳೆದ ತಿಂಗಳು ಹೊಸ ಹೆಣ್ಣು ಕುದುರೆ ತಂದೆ. ಕೆಂಪು ಮೈ, ಒಳ್ಳೆಯ ನಡೆ. ಅದನ್ನು ಮೊದಲ ಸಲ ಮಂಡಳಿಗೆ ಒಯ್ದಾಗ ಹಾದಿಯುದ್ದಕ್ಕೂ ಹೊಗಳಿದರು. ಬೆಳಿಗ್ಗೆ ಹುಣಸೆಯ ಕೆಳಗೆ ನನ್ನ ಸರದಿ ಬಂತು. ಜಹೀರುದ್ದೀನ್ ಸಾಹೇಬರು ಆಗಲೇ ಬೀಡಿ ತೆಗೆದಿದ್ದರು. ನಾನು ಹೇಳಿದೆ — ಏನೂ ಐಬಿಲ್ಲ.

ಒಂದೇ ಒಂದು ಸಲ ಹಾಗೆ ಹೇಳಬೇಕೆನಿಸಿತ್ತು.

ಆ ದಿನ ನನ್ನ ಕುದುರೆ ದೇವೀಂದ್ರಪ್ಪನವರ ಪಾಲಿಗೆ ಬಂತು. "ಐಬ್ ಇಲ್ಲದ್ದು ನಮ್ಮ ಮಂಡಳ್ಯಾಗ ಹ್ಯಾಂಗ ಬಂತ್ರಿ?" ಎಂದು ನಕ್ಕು ಹತ್ತಿದರು. ಹಳ್ಳದ ದಂಡೆಯಲ್ಲಿ ಅಗಸರು ಪೊದೆಗಳ ಮೇಲೆ ಬಟ್ಟೆ ಹರವಿದ್ದರು. ಗಾಳಿಗೆ ಒಂದು ಧೋತರ ಎದ್ದಿತು. ಮುಂದಿನದು ನಿಮಗೆ ಗೊತ್ತು, ಕುದುರೆ ಬೆದರಿತು, ಬಿದ್ದರು, ತಲೆ ಬಂಡೆಗೆ ತಾಗಿತು. ಕಮಲಾಪುರದ ಚಾವಡಿಗೆ ಹೊತ್ತು ತಂದೆವು. ಮಧ್ಯಾಹ್ನದವರೆಗೆ ಇದ್ದರು. ನನ್ನ ಕೈ ಅವರ ಕೈಯಲ್ಲಿತ್ತು. ಒಮ್ಮೆ ಕಣ್ಣು ತೆರೆದು, ನನ್ನನ್ನು ಸಮಾಧಾನ ಮಾಡುವವರ ಹಾಗೆ ಹೇಳಿದರು. "ನೀವು ಐಬಿಲ್ಲ ಅಂದಿದ್ರಲ್ಲ, ನಾನೇ ಲಗಾಮ ಸಡ್ಲ ಬಿಟ್ಟಿದ್ದೆ. ತಪ್ಪು ನಂದೇ ಅದ."

ಅವರು ಅದನ್ನು ನಂಬಿಯೇ ಹೋದರು.

ಭಾಗಮ್ಮನವರೇ, ನೀವು ಕೇಳಿದ್ದಕ್ಕೆ ಉತ್ತರ ಇಷ್ಟು. ಮಂಡಳಿಯಿಂದ ಲಾಭವಿತ್ತು. ಅವರು ಹೇಳಿದ ಹಸಿವು, ನಿದ್ದೆ, ಹಾದಿ ಎಲ್ಲ ನಿಜ. ನಾಲ್ಕನೆಯ ಬೆರಳಿನಲ್ಲಿ ಹೇಳದೆ ಬಿಟ್ಟದ್ದು ಹೆಚ್ಚು ನಿಜ. ಅದು ಅವರಿಗೆ ದಕ್ಕಿತ್ತು, ನನಗೆ ದಕ್ಕಲಿಲ್ಲ. ಅವರ ನೆನಪಿಗೆ ಮಂಡಳಿ ಮುಂದುವರಿಸಿರಿ, ಹೊಸಬರನ್ನು ಸೇರಿಸಿರಿ ಎಂದು ಕೇಳಲು ಕಚೇರಿಯವರು ನನಗೆ ಹೇಳಿಕೊಟ್ಟಿದ್ದರು. ನಾನು ಕೇಳುವುದಿಲ್ಲ. ಮೊನ್ನೆ ಗುರುವಾರ ಕಂದಕದ ಬಳಿ ಹೋಗಿ ನಿಂತಿದ್ದೆ. ಜಹೀರುದ್ದೀನ್ ಸಾಹೇಬರು ಬಂದರು, ಬೇರೆ ಯಾರೂ ಬರಲಿಲ್ಲ. ಇಬ್ಬರೂ ನಮ್ಮ ನಮ್ಮ ಕುದುರೆಯ ಮೇಲೆಯೇ ಮನೆಗೆ ಹೋದೆವು. ಇನ್ನು ಯಾರು ಯಾರ ಮಾತು ನಂಬಿ ಕುದುರೆ ಹತ್ತುತ್ತಾರೆ?

ಹುಣಸೆಯ ಕೆಳಗೆ ನನ್ನ ಸರದಿ ಇನ್ನೂ ಮುಗಿದಿಲ್ಲ. ಎಲ್ಲರ ಎದುರು, ಗಟ್ಟಿಯಾಗಿ ಹೇಳಬೇಕೆಂಬುದು ನೇಮ.

ನನ್ನ ಕುದುರೆ ಬಿಳಿ ಬಟ್ಟೆ ಹಾರಿದರೆ ಎಡಕ್ಕೆ ಸಿಡಿಯುತ್ತದೆ. ತಂದ ಮೂರನೆಯ ದಿನವೇ ನನಗದು ಗೊತ್ತಿತ್ತು.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿರಿ. ಎರಡು ನಿಮಿಷ ಯಾರೂ ಏನೂ ಮಾತಾಡುವುದು ಬೇಡ. ಮಾತಾಡಬೇಕಾಗಿದ್ದ ಹೊತ್ತು ಆ ಬೆಳಿಗ್ಗೆಯೇ ಕಳೆದುಹೋಯಿತು.