ಮುಂಚಕ್ರದ ಐದು ಸೀಸದ ಗುಂಡುಗಳು

ಚನ್ನರಾಯಪ್ಪ ಬಿನ್ ದೊಡ್ಡವೆಂಕಟಪ್ಪ, 58 ವರ್ಷ, ಬೇಸಾಯ ಮತ್ತು ಹೈನುಗಾರಿಕೆ, ವಿದ್ಯಾಭ್ಯಾಸ ಊರ ಶಾಲೆಯಲ್ಲಿ ಏಳನೇ ತರಗತಿ, ವಾಸ ಸುಗಟೂರು ಗ್ರಾಮ, ಕೋಲಾರ ತಾಲ್ಲೂಕು, ಆದ ನಾನು ಸ್ವಂತ ಕೈಬರಹದಲ್ಲಿ ಈ ಮೂಲಕ ತಿಳಿಸುವುದೇನೆಂದರೆ:

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳಲ್ಲಿ ಮೋಟಾರ್ ಬೈಕಿನ ಟೈರು ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಹುಟ್ಟಿಲ್ಲ. ದೇವನಹಳ್ಳಿಯಲ್ಲಿ ವಿಮಾನ ಇಳಿಯುವಾಗ ಚಕ್ರ ನಡುಗಿದರೆ ಅಲ್ಲಿನ ಇಂಜಿನಿಯರುಗಳು ಮೊದಲು ನನಗೇ ಫೋನು ಮಾಡುತ್ತಾರೆ. ಇದಕ್ಕೂ ಕೇಸಿಗೂ ಸಂಬಂಧವಿಲ್ಲ, ಬರೆಯಬೇಡಿ ಎಂದು ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಹೇಳಿದರು. ಸಂಬಂಧ ಇದೆಯೆಂದು ನಾನು ಬರೆದಿದ್ದೇನೆ.

ನಿನ್ನೆ ದಿನಾಂಕ 27-05-2025ರಂದು ಶ್ರೀನಿವಾಸಪುರದ ಇದೇ ಠಾಣೆಯಲ್ಲಿ ನಾನು ಮೊದಲನೇ ಹೇಳಿಕೆ ಕೊಟ್ಟಿರುತ್ತೇನೆ. ನನ್ನ ಬೈಕಿನ ಮುಂದಿನ ಟೈರಿನೊಳಗೆ ಬಚ್ಚಿಟ್ಟಿದ್ದ ಎರಡು ಲಕ್ಷ ರೂಪಾಯಿಯನ್ನು, ಎಲ್ಲಾ ಐನೂರರ ನೋಟು, ಪಂಚರ್ ಅಂಗಡಿಯ ಶಾನವಾಜ್, 34 ವರ್ಷ, ಎಂಬುವನು ಕದ್ದಿದ್ದಾನೆ ಎಂದು ಅದರಲ್ಲಿ ಬರೆದಿದ್ದೆ. ಅದರ ಮೇಲೆ ಅವನ ಅಂಗಡಿಗೆ ಬೀಗ ಬಿದ್ದಿದೆ. ಇದನ್ನು ಬರೆಯುತ್ತಿರುವಾಗ ಅವನು ನನ್ನಿಂದ ಆರು ಅಡಿ ದೂರದ ಬೆಂಚಿನ ಮೇಲೆ ಕೂತಿದ್ದಾನೆ. ಇದು ನನ್ನ ಎರಡನೇ ಹೇಳಿಕೆ.

ದಿನಾಂಕ 18-05-2025, ಭಾನುವಾರ, ಬೆಳಿಗ್ಗೆ 10 ಗಂಟೆಗೆ ನನ್ನ ಮನೆಯ ಹಿತ್ತಿಲಲ್ಲಿ ಬೈಕಿನ ಮುಂದಿನ ಚಕ್ರಕ್ಕೆ ಹೊಸ ಟೈರು ಹಾಕಲು ಕೂತೆನು. ಟೈರನ್ನು ಮೊದಲು ಅರ್ಧ ಗಂಟೆ ಬಿಸಿಲಿಗೆ ಇಟ್ಟು ಮೆತ್ತಗಾಗಿಸಿದೆ. ಅಂಚಿಗೆ ಸೋಪಿನ ನೀರು ಸವರಿ, ಚಕ್ರ ತಿರುಗುವ ದಿಕ್ಕಿನ ಬಾಣದ ಗುರುತು ನೋಡಿಕೊಂಡು, ಎರಡು ಲಿವರ್‌ಗಳಿಂದ ರಿಮ್ಮಿಗೆ ಕೂರಿಸಿದೆ. ನನ್ನ ಹೆಂಡತಿ ಅನಸೂಯಮ್ಮ, 52 ವರ್ಷ, ಟೈರಿನ ಮೇಲೆ ಎರಡೂ ಕಾಲಿಟ್ಟು ನಿಂತುಕೊಂಡಿದ್ದಳು.

ನಂತರ ಬ್ಯಾಲೆನ್ಸ್ ನೋಡಿದೆ. ಅದಕ್ಕೆ ಮಿಷನ್ನು ಬೇಕಿಲ್ಲ. ಎರಡು ಕಲ್ಲು ಚಪ್ಪಡಿಗಳ ನಡುವೆ ಚಕ್ರದ ಆಕ್ಸಲ್ ಅಡ್ಡ ಇಟ್ಟು ಮೆಲ್ಲಗೆ ತಿರುಗಿಸಿ ಬಿಡಬೇಕು. ಭಾರದ ಜಾಗ ತಾನಾಗಿ ಕೆಳಕ್ಕೆ ಬಂದು ನಿಲ್ಲುತ್ತದೆ. ಅದರ ನೇರ ಎದುರಿನ ಸ್ಪೋಕ್ ಕಡ್ಡಿಗೆ ಸೀಸ ಕಟ್ಟುತ್ತಾ ಹೋಗಬೇಕು. ಚಕ್ರ ಎಲ್ಲಿ ಬಿಟ್ಟರೆ ಅಲ್ಲೇ ನಿಂತರೆ ಬ್ಯಾಲೆನ್ಸ್ ಆಯಿತು ಎಂದು ಅರ್ಥ. ಆ ದಿನ 11.40ಕ್ಕೆ ನನ್ನ ಚಕ್ರ ಒಂದು ಚೂರೂ ಸೀಸ ಬೇಡದೆ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು.

ಅದೇ ಸಮಯದಲ್ಲಿ ನನಗೆ ಒಂದು ಯೋಚನೆ ಬಂತು. ಹೋದ ವರ್ಷ ಕೋಲಾರದ ಬಸ್ಸಿನಲ್ಲಿ ನನ್ನ ಜೇಬು ಕತ್ತರಿಸಿದ್ದರು. ಶ್ರೀನಿವಾಸಪುರದಲ್ಲಿ ಮಾವಿನ ಫಸಲಿಗೆ ಅಡ್ವಾನ್ಸ್ ಕೊಡಬೇಕಿದ್ದ ಹಣ ರಾಗಿ ಡಬ್ಬದಲ್ಲಿತ್ತು. ಅದನ್ನು ಟೈರಿನೊಳಗೆ ಇಡುತ್ತೇನೆ ಎಂದು ಹೇಳಿದೆ.

"ಏನ್ರೀ, ದುಡ್ಡನ್ನ ರೋಡ್ ಮೇಲೆ ಉರುಳಿಸ್ಕೊಂಡು ಹೋಗ್ತೀರಾ? ರಾಗಿ ಡಬ್ಬ ನಿಮಗೇನ್ ಪಾಪ ಮಾಡಿತ್ತು?" ಎಂದು ಅನಸೂಯಮ್ಮ ಕೇಳಿದಳು.

"ಕಳ್ಳ ಜೇಬು ನೋಡ್ತಾನೆ, ಚೀಲ ನೋಡ್ತಾನೆ. ಓಡೋ ಚಕ್ರ ಹಿಡ್ಯೋ ಕಳ್ಳ ಇನ್ನೂ ಹುಟ್ಟಿಲ್ಲ ಕಣೇ" ಎಂದು ಹೇಳಿದೆ. ಅವಳು ನೋಟುಗಳನ್ನು ಮೂರು ಸಲ ಎಣಿಸಿ ಕೊಟ್ಟಳು. ನಾನು ಅವುಗಳನ್ನು ಹಾಲಿನ ಪ್ಯಾಕೆಟ್ಟಿನ ಖಾಲಿ ಕವರಿನಲ್ಲಿ ಸುತ್ತಿ, ಟೈರಿನ ಒಂದು ಬದಿ ಬಿಚ್ಚಿ, ಟೈರಿಗೂ ಟ್ಯೂಬಿಗೂ ಮಧ್ಯೆ ಮಟ್ಟಸವಾಗಿ ಮಲಗಿಸಿ, ಮತ್ತೆ ಗಾಳಿ ತುಂಬಿದೆ.

ಹಣದ ಭಾರಕ್ಕೆ ಚಕ್ರ ಆ ಕಡೆಗೆ ವಾಲತೊಡಗಿತು. ಕೆರೆಯಲ್ಲಿ ಮೀನು ಹಿಡಿಯುವ ನನ್ನ ಬಲೆಯಿಂದ ಸೀಸದ ಗುಂಡುಗಳನ್ನು ಬಿಚ್ಚಿ, ಎದುರಿನ ಕಡ್ಡಿಗಳಿಗೆ ತಂತಿಯಿಂದ ಒಂದೊಂದಾಗಿ ಕಟ್ಟಿದೆ. ಐದನೇ ಗುಂಡಿಗೆ ಚಕ್ರ ಮತ್ತೆ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು. ಸಮಯ 12.50. ನನ್ನ ಬ್ಯಾಲೆನ್ಸಿನಲ್ಲಿ ನೊಣ ಕೂತಷ್ಟೂ ವ್ಯತ್ಯಾಸ ಇರಲಿಲ್ಲವೆಂದು ನಿನ್ನೆಯ ಹೇಳಿಕೆಯಲ್ಲೂ ಬರೆದಿದ್ದೇನೆ.

ತೋಟದವರು ಹಣ ಕೊಡಲು ಹೇಳಿದ್ದು 27ನೇ ತಾರೀಖಿಗೆ. ಅಲ್ಲಿಯವರೆಗೆ ಹಣ ಟೈರಿನಲ್ಲೇ ಇರಲಿ ಎಂದು ಬಿಟ್ಟೆನು. 20ರಂದು ಇಟ್ಟಿಗೆಯ ಬೆಲೆ ಕೇಳಲು ಮಾಲೂರಿಗೆ ಹೋಗಿ ಬಂದೆ. 23ರಂದು ಮುಳಬಾಗಿಲಿಗೆ ನಾಮಕರಣಕ್ಕೆ ಹೋಗಿದ್ದೆ. ವಾಪಸ್ಸು ಬರುವಾಗ ಸಂಜೆ 4.30ರ ಸುಮಾರಿಗೆ, 50ರ ವೇಗದಲ್ಲಿ, ಹ್ಯಾಂಡಲ್ ಒಮ್ಮೆಗೇ ನಡುಗತೊಡಗಿತು. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರೂ ನಿಲ್ಲಲಿಲ್ಲ. ಬೈಕು ನನ್ನ ಮಾತು ಕೇಳದೆ ರಸ್ತೆಯ ಬಲಕ್ಕೆ ಎಳೆಯಿತು. ಎದುರಿನಿಂದ ಟೊಮ್ಯಾಟೊ ಲಾರಿ ಬರುತ್ತಿತ್ತು. ಅದರ ಹಾರ್ನು ಕೇಳಿಸಿತು, ನಂತರ ಅದರ ಗಾಳಿ ಮುಖಕ್ಕೆ ಹೊಡೆಯಿತು. ನನಗೂ ಲಾರಿಗೂ ಮಧ್ಯೆ ಒಂದೂವರೆ ಅಡಿ ಅಂತರ ಇತ್ತು. ಡ್ರೈವರು ಮುಂದೆ ಹೋಗಿ ನಿಲ್ಲಿಸಿ, "ಏಮಯ್ಯಾ, ಚಾವಾಲನಿ ಉಂದಾ?" ಎಂದು ತೆಲುಗಿನಲ್ಲಿ ಕೂಗಿದನು. ಸಾಯಬೇಕು ಅಂತಿದೆಯಾ ಎಂದು ಅದರ ಅರ್ಥ.

ಹತ್ತು ನಿಮಿಷ ರಸ್ತೆಯ ಪಕ್ಕದಲ್ಲಿ ಕೂತು ಚಕ್ರ ನೋಡಿದೆ. ಐದು ಗುಂಡೂ ಇದ್ದವು. ಬೇರಿಂಗ್ ಹೋಗಿರಬೇಕು, ಇಲ್ಲವೇ ರಸ್ತೆ ಸರಿಯಿಲ್ಲ ಎಂದುಕೊಂಡು 25ರ ವೇಗದಲ್ಲಿ ಊರು ಸೇರಿದೆ. ಮನೆಯಲ್ಲಿ ಚಕ್ರ ಬಿಚ್ಚಿ ಇನ್ನೊಂದು ಸಲ ಚಪ್ಪಡಿಗಳ ಮಧ್ಯೆ ಇಟ್ಟು ನೋಡಬೇಕಿತ್ತು. ಅನಸೂಯಮ್ಮ ಹಿತ್ತಿಲಲ್ಲೇ ಹಸುವಿಗೆ ಹುಲ್ಲು ಹಾಕುತ್ತಿದ್ದ ಕಾರಣ, ಅವಳ ಕಣ್ಣೆದುರು ನನ್ನ ಬ್ಯಾಲೆನ್ಸ್ ಮರುಪರೀಕ್ಷೆ ಮಾಡಲು ಮನಸ್ಸಾಗದೆ, ಬಿಚ್ಚಲಿಲ್ಲ.

ನಿನ್ನೆ ಬೆಳಿಗ್ಗೆ 9.10ಕ್ಕೆ ಸುಗಟೂರು ಬಿಟ್ಟೆನು. ಹೊಸ ಟೈರು ಹಾಕಿದ ಮೇಲೆ ದಿನದ ಓಡಾಟವೂ ಸೇರಿ ಬೈಕು 412 ಕಿ.ಮೀ. ಓಡಿದೆ ಎಂದು ಮೀಟರ್ ತೋರಿಸುತ್ತದೆ. ಶ್ರೀನಿವಾಸಪುರ ಇನ್ನು ಒಂದೂವರೆ ಕಿ.ಮೀ. ಇರುವಾಗ ಮುಂದಿನ ಚಕ್ರ ಪಂಚರ್ ಆಯಿತು. ಲಿವರ್ ನನ್ನಲ್ಲಿತ್ತು, ಪಂಪು ಇರಲಿಲ್ಲ. 300 ಮೀಟರ್ ತಳ್ಳಿಕೊಂಡು 10.15ಕ್ಕೆ ಶಾನವಾಜನ ಅಂಗಡಿ ತಲುಪಿದೆ.

"ಅರೇ, ಚನ್ನರಾಯಣ್ಣನ ಬೈಕು ನನ್ ಅಂಗಡಿಗೆ ಬಂತಾ? ಇವತ್ತು ಸೂರ್ಯ ಯಾವ್ ಕಡೆ ಹುಟ್ಟಿದ್ದಾನೆ?" ಎಂದು ಅವನು ನಕ್ಕನು. ಪಂಚರ್ ಅಂಗಡಿಗೆ ಹೋಗುವವರು ಗಂಡಸರಲ್ಲ ಎಂದು ನಾನು ಅವನ ಮುಂದೆಯೇ ನಾಲ್ಕು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಒಳಗೆ ಹಣ ಇದೆಯೆಂದು ನಾನು ಅವನಿಗೆ ಹೇಳಲಿಲ್ಲ. ಪಕ್ಕದಲ್ಲೇ ನಿಂತು ನೋಡಿಕೊಳ್ಳೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ತೋಟದ ಯಜಮಾನ ವೆಂಕಟರಾಯಪ್ಪನವರ ಫೋನು ಬಂತು. ಸಿಗ್ನಲ್ ಸಿಗದೆ 40 ಅಡಿ ದೂರದ ಟೀ ಅಂಗಡಿಗೆ ಹೋದೆ. ಫೋನು ಎರಡು ನಿಮಿಷಕ್ಕೆ ಮುಗಿಯಿತು. ಟೀ ಅಂಗಡಿಯಲ್ಲಿ ಕೂತಿದ್ದವರು ಏನ್ ಯಜಮಾನ್ರೇ ಈ ಕಡೆ ಎಂದು ಕೇಳಿದರು. ಎಂಟು ಎಕರೆ ಮಾವಿಗೆ ಎರಡು ಲಕ್ಷ ಅಡ್ವಾನ್ಸ್ ಕೊಡಲು ಹೊರಟಿದ್ದೇನೆ ಎಂದು ಅವರಿಗೆ ವಿವರಿಸುವುದರಲ್ಲಿ ಇನ್ನೂ 12 ನಿಮಿಷ ಹೋಯಿತು.

ನಾನು ವಾಪಸ್ಸು ಬಂದಾಗ ಟೈರು ಹಾಕಿ ಗಾಳಿ ತುಂಬಿ ಆಗಿತ್ತು.

"ಅಣ್ಣಾ, ಒಳಗಡೆ ಟೈರಲ್ಲಿ..." ಎಂದು ಶಾನವಾಜ್ ಏನೋ ಹೇಳಲು ಬಂದನು.

"ಟೈರ್ ಒಳಗಡೆ ಏನಿರುತ್ತೆ ಅಂತ ನಂಗೇ ಹೇಳ್ಕೊಡ್ತೀಯೇನ್ಲಾ?" ಎಂದು ಅವನ ಬಾಯಿ ಮುಚ್ಚಿಸಿ, ಎಪ್ಪತ್ತು ರೂಪಾಯಿ ಕೊಟ್ಟು ಹೊರಟೆನು. 600 ಮೀಟರ್ ಮುಂದೆ ಹುಣಸೆ ಮರದ ಕೆಳಗೆ ನಿಲ್ಲಿಸಿ ಟೈರು ಬಿಚ್ಚಿದೆ. ಕೈ ಹಾಕಿ ಪೂರ್ತಿ ಸುತ್ತು ತಡವಿದೆ. ಮತ್ತೊಂದು ಸುತ್ತು ತಡವಿದೆ. ಒಳಗೆ ಒರೆಸಿ ಇಟ್ಟಂತೆ ಚೊಕ್ಕಟವಾಗಿತ್ತು. ಟೈರು ಮತ್ತೆ ಕೂರಿಸಿ, ದಾರಿಯಲ್ಲಿ ಹೋಗುತ್ತಿದ್ದವರಿಂದ ಪಂಪು ಪಡೆದು ಗಾಳಿ ತುಂಬಿ, 11.50ಕ್ಕೆ ಠಾಣೆಗೆ ಬಂದು ಮೊದಲನೇ ಹೇಳಿಕೆ ಕೊಟ್ಟೆನು.

ಇಂದು ದಿನಾಂಕ 28-05-2025ರಂದು ಬೆಳಿಗ್ಗೆ 10 ಗಂಟೆಗೆ ನಮ್ಮಿಬ್ಬರನ್ನೂ ಕರೆಸಿದರು. ಹಣ ನೋಡೇ ಇಲ್ಲ ಎಂದು ಶಾನವಾಜ್ ಹೇಳಿದನು. ಟೈರಿನೊಳಗೆ ಬೂದು ಬಣ್ಣದ ಹೊಟ್ಟಿನಂತಹ ಪುಡಿಯೂ ಗಟ್ಟಿಯಾಗಿ ಮುದುಡಿದ ಪ್ಲಾಸ್ಟಿಕ್ಕಿನ ಚೂರೂ ಇದ್ದವು, ಆ ಚೂರು ಒತ್ತಿಯೇ ಟ್ಯೂಬು ಪಂಚರ್ ಆಗಿತ್ತು, ಎಲ್ಲಾ ಒರೆಸಿ ಕಸದ ಡಬ್ಬಕ್ಕೆ ಹಾಕಿದೆ, ಅದನ್ನೇ ಅಣ್ಣನಿಗೆ ಹೇಳಲು ಹೋದೆ, ಕೇಳಲಿಲ್ಲ ಎಂದನು.

ಕಾನ್ಸ್‌ಟೆಬಲ್ ಕದಿರೇಶ್ ರವರು 10.40ಕ್ಕೆ ಅಂಗಡಿಯಿಂದ ಆ ಡಬ್ಬ ತಂದು ಪೇಪರಿನ ಮೇಲೆ ಸುರಿದರು. ಪುಡಿ ಎರಡು ಹಿಡಿಯಷ್ಟು ಇತ್ತು. ಪುಡಿಯ ಮಧ್ಯೆ ನೋಟಿನಲ್ಲಿ ಇರುವ ಹಸಿರು ಹೊಳೆಯುವ ಎಳೆಯ ತುಂಡುಗಳು ಕಾಣಿಸಿದವು. ಕವರಿನೊಳಗೆ ನೋಟುಗಳು ಟ್ಯೂಬಿಗೂ ಟೈರಿಗೂ ಸಿಕ್ಕಿ, 412 ಕಿ.ಮೀ. ಉದ್ದಕ್ಕೂ ಬೀಸುವ ಕಲ್ಲಿನಲ್ಲಿ ಬಿದ್ದ ರಾಗಿಯಂತೆ ಹಿಟ್ಟಾಗಿವೆ ಎಂದು ನನಗೆ ಆ ಕ್ಷಣವೇ ತಿಳಿಯಿತು. ಹಣ ಹಿಟ್ಟಾಗಿ ಹರಡಿ ಸೀಸದ ಕಡೆ ಭಾರವಾದದ್ದರಿಂದಲೇ ಹ್ಯಾಂಡಲ್ ನಡುಗಿತೆಂದೂ ತಿಳಿಯಿತು.

ಸಾಹೇಬರು ಪುಡಿಯನ್ನು ನೋಡಿ, ಹಣ ಪುಡಿಯಾಗಿರುವುದು ನಿಜವಿರಬಹುದು, ಆದರೆ ನಾನೂರು ನೋಟು ಪುಡಿಯಾದರೆ ಇಷ್ಟೇ ಇರುವುದಿಲ್ಲ, ಉಳಿದದ್ದು ಎಲ್ಲಿ ಎಂದು ಶಾನವಾಜನನ್ನು ಗಟ್ಟಿಯಾಗಿ ಕೇಳಿದರು. ಅವನು ನನ್ನ ಕಡೆ ನೋಡಿದನು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಸಂಜೆಯೊಳಗೆ ಉತ್ತರ ಬರದಿದ್ದರೆ ನ್ಯಾಯಾಲಯಕ್ಕೆ ಕಳುಹಿಸಬೇಕಾಗುತ್ತದೆ ಎಂದು ಸಾಹೇಬರು ಹೇಳಿದರು.

ಆಗ ಶಾನವಾಜ್, "ಸಾರ್, ಆ ಚಕ್ರ ಒಂದ್ಸಲ ಬಿಚ್ಚೋಕೆ ಬಿಡಿ. ಅಣ್ಣ ಸುಳ್ ಹೇಳ್ಬೋದು, ಅವರ್ ಕೈ ಸುಳ್ ಹೇಳಲ್ಲ" ಎಂದನು.

ಠಾಣೆಯ ಅಂಗಳದಲ್ಲಿ ಎರಡು ಬೆಂಚುಗಳ ಮಧ್ಯೆ ಚಕ್ರ ಇಟ್ಟನು. ಸೀಸದ ಕಡೆ ಸರ್ರನೆ ಕೆಳಕ್ಕೆ ಬಂತು. ಅವನು ಒಂದೊಂದೇ ಗುಂಡು ಬಿಚ್ಚಿದನು. ಐದನೆಯದು ಬಿಚ್ಚಿದಾಗ ಚಕ್ರ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು. ಹಣಕ್ಕೆ ಎದುರಾಗಿ ಕಟ್ಟಿದ್ದು ಈ ಐದೇ ಗುಂಡು ಎಂದು ಎಲ್ಲರಿಗೂ ಕಾಣಿಸಿತು. ಎದುರಿನ ಚಿನ್ನದ ಅಂಗಡಿಯ ತಕ್ಕಡಿ ತರಿಸಿದರು. ಐದು ಗುಂಡಿನ ತೂಕ 54 ಗ್ರಾಂ. ಸಾಹೇಬರು ತಮ್ಮ ಜೇಬಿನ ಐನೂರರ ನೋಟು ತೂಗಿದರು. ಒಂದು ಗ್ರಾಮಿಗಿಂತ ಚೂರು ಹೆಚ್ಚು ಬಂತು. ನಾನೂರು ನೋಟಿಗೆ ಹತ್ತಿರ ಹತ್ತಿರ ಅರ್ಧ ಕೆ.ಜಿ. ಸೀಸ ಬೇಕಾಗುತ್ತಿತ್ತು.

"ಚನ್ನರಾಯಪ್ಪನವರೇ, ಒಂದೋ ನಿಮ್ಮ ಬ್ಯಾಲೆನ್ಸ್ ತಪ್ಪು, ಇಲ್ಲ ನಿಮ್ಮ ಮೊತ್ತ ತಪ್ಪು. ಯಾವುದು ಅಂತ ಹೇಳಿ" ಎಂದರು.

ಬ್ಯಾಲೆನ್ಸ್ ತಪ್ಪಿತ್ತು ಎಂದು ಒಂದು ಮಾತು ಹೇಳಿದರೆ ನನ್ನ ಎರಡು ಲಕ್ಷದ ಮಾತು ಉಳಿಯುತ್ತಿತ್ತು. ಶಾನವಾಜನೂ ಬೆಂಚಿನ ಮೇಲೇ ಉಳಿಯುತ್ತಿದ್ದ. ಯೋಚಿಸಿ ಹೇಳುತ್ತೇನೆ ಎಂದೆ.

ಮಧ್ಯಾಹ್ನ 1.10ಕ್ಕೆ ಶಾನವಾಜನ ಹೆಂಡತಿ ಮೆಹ್ರೀನ್ ಊಟದ ಕ್ಯಾರಿಯರ್ ತಂದಳು. ನನ್ನನ್ನು ಬೈಯುತ್ತಾಳೆ ಎಂದುಕೊಂಡು ತಲೆ ತಗ್ಗಿಸಿದೆ. ಅವಳು ಮುಚ್ಚಳದಲ್ಲಿ ಎರಡು ಚಪಾತಿ, ಬದನೆಕಾಯಿ ಪಲ್ಯ ಹಾಕಿ ಮೊದಲು ನನ್ನ ಮುಂದೆ ಇಟ್ಟಳು. "ಶುಗರ್ ಇದೆ ಅಂತಿದ್ರಲ್ಲ ಅಣ್ಣಾ, ಹೊತ್ತು ಮೀರಿಸ್ಬೇಡಿ" ಎಂದಳು. ನಂತರ ಗಂಡನಿಗೆ ಬಡಿಸಿದಳು. ಅವನ ಬೆರಳುಗಳಲ್ಲಿ ನನ್ನ ಟೈರಿನ ಕಪ್ಪು ಇತ್ತು. ಒಂದು ಚಪಾತಿ ತಿಂದೆನು, ಎರಡನೆಯದನ್ನು ಮುಚ್ಚಳದಲ್ಲೇ ಬಿಟ್ಟೆನು.

1.35ಕ್ಕೆ ನಾನು ಎದ್ದು ಸಾಹೇಬರ ಮುಂದೆ ಹೋಗಿ ನನ್ನ ಬ್ಯಾಲೆನ್ಸ್ ಸರಿಯಿತ್ತು ಎಂದು ಹೇಳಿದೆ. ಹಾಗಾದರೆ ಬರೆದುಕೊಡಿ ಎಂದರು.

ಎಂಟು ಎಕರೆ ತೋಟ ಎಂದದ್ದು ಸುಳ್ಳು. ಇರುವುದು ಹನ್ನೆರಡು ನೀಲಂ ಮಾವಿನ ಮರ. ಸಣ್ಣ ಮೊತ್ತ ಹೇಳಿದರೆ ಪೊಲೀಸಿನವರು ಕತ್ತೆತ್ತಿಯೂ ನೋಡುವುದಿಲ್ಲ ಎಂಬ ಭಯವೂ ಇತ್ತು, ಟೀ ಅಂಗಡಿಯಲ್ಲಿ ಹೇಳಿದ್ದನ್ನು ಇಳಿಸಲು ಆಗದ ಸಂಕಟವೂ ಇತ್ತು. ಹೋದ ಹಣ ನನ್ನದಲ್ಲ. ಅನಸೂಯಮ್ಮ ಹದಿನಾಲ್ಕು ತಿಂಗಳು ಡೈರಿಗೆ ಹಾಲು ಹಾಕಿ ಉಳಿಸಿದ್ದು. ಅವಳಿಗೆ ಇನ್ನೂ ವಿಷಯ ಗೊತ್ತಿಲ್ಲ. ಶಾನವಾಜ್ ನನ್ನ ಒಂದು ಪೈಸೆಯನ್ನೂ ಮುಟ್ಟಿಲ್ಲ. ಅವನ ಅಂಗಡಿಯ ಬೀಗ ಈ ದಿನವೇ ತೆಗೆಸಿಕೊಡಬೇಕೆಂದು ಬೇಡುತ್ತೇನೆ.

ಇಷ್ಟನ್ನೂ ನಾನೇ ಬರೆದು, ನಾನೇ ಗಟ್ಟಿಯಾಗಿ ಓದಿದ್ದೇನೆ. ಶಾನವಾಜನೂ ಮೆಹ್ರೀನಳೂ ಕೇಳಿಸಿಕೊಂಡಿದ್ದಾರೆ. ವಿಮಾನದ ವಿಷಯ ಒಂದನ್ನು ಬಿಟ್ಟು ಉಳಿದದ್ದೆಲ್ಲಾ ಸತ್ಯ.

ಸ್ಥಳ: ಶ್ರೀನಿವಾಸಪುರ
ದಿನಾಂಕ: 28-05-2025, ಮಧ್ಯಾಹ್ನ 3.20
ಸಹಿ: ಚನ್ನರಾಯಪ್ಪ

ಸಹಿ ಹಾಕಿದ ಮೇಲೆ ಸಾಹೇಬರು ಓದಿ ನೋಡಿ, ಎಲ್ಲಾ ಬರೆದಿದ್ದೀರಿ, ಮೊತ್ತ ಎಲ್ಲಿ ಎಂದು ಕೇಳಿದ್ದರಿಂದ ಸೇರಿಸಿರುವುದು: ಮೊದಲನೇ ಹೇಳಿಕೆಯಲ್ಲಿ 2,00,000 ಎಂದು ಇರುವುದನ್ನು ಹೊಡೆದು ಹಾಕತಕ್ಕದ್ದು. ಮೂವತ್ತೇಳು ನೋಟು. ಹದಿನೆಂಟು ಸಾವಿರದ ಐನೂರು ರೂಪಾಯಿ.