ಬಡಗಿಯ ಮನೆಯ ಮೆಟ್ಟಿಲು

ಒಂದೂರಿನಲ್ಲಿ ಒಬ್ಬ ಬಡಗಿಯಿದ್ದ. ಊರಿಗೆಲ್ಲ ರೇಲಿಂಗ್ ಹಾಕಿಕೊಟ್ಟವನ ಸ್ವಂತ ಮೆಟ್ಟಿಲಿಗೇ ರೇಲಿಂಗ್ ಇರಲಿಲ್ಲ. ಅಜ್ಜಿಕಥೆಯಲ್ಲ, ನಮ್ಮ ಪಕ್ಕದ ಮನೆಯವನೇ. ಮೊನ್ನೆ ಅವನ ತಾಯಿ ಅಲ್ಲೇ ಜಾರಿ ಕೈ ಮುರಿದುಕೊಂಡರು. ಇವತ್ತು ಗಂಡ ಹೆಂಡತಿ ಮೆಟ್ಟಿಲಿಗೆ ಅಡ್ಡ ಕೂತು ರೇಲಿಂಗ್ ಹಾಕುತ್ತಿದ್ದರು. ಅವನ ತಾಯಿಯನ್ನು ನೋಡಲು ಮಹಡಿಗೆ ಹೊರಟಿದ್ದ ನಾನು ಕೆಳಗೇ ನಿಂತೆ.

"ಅಮ್ಮ ಬೀಳದಿರಲಿ ಅಂತ ದಿನಾ ಬೇಡ್ಕೋತಿದ್ನಲ್ಲೇ!"

"ದೇವರೇ ಬಂದು ಸ್ಕ್ರೂ ತಿರುಗಿಸ್ಬೇಕಿತ್ತೇನ್ರೀ?"

"ಬೇಡ್ಕೊಂಡಿದ್ದಕ್ಕೇ ಬರೀ ಕೈಯಲ್ಲೇ ಮುಗೀತು. ಇಲ್ಲಾಂದ್ರೆ ಸೊಂಟ..."

"ನಾಚ್ಕೆ ಆಗಲ್ವಾ ನಿಮಗೆ? ಎರಡು ವರ್ಷದಿಂದ ನಾಳೆ ಹಾಕ್ತೀನಿ, ನಾಳೆ ಹಾಕ್ತೀನಿ ಅಂತಿದ್ರಿ!"

ಮೇಲಿಂದ ತಾಯಿಯ ದನಿ ಬಂತು: "ನಾನೂ ದಿನಾ ಬೇಡ್ಕೋತಿದ್ದೆ ಕಣೋ, ನಿನಗೆ ಬುದ್ಧಿ ಬರ್ಲಿ ಅಂತ. ಅದಕ್ಕೆ ನನ್ನ ಕೈಯೇ ಮುರೀಬೇಕಾಯ್ತು!"

ಬಡಗಿ ಕೊನೆಯ ಸ್ಕ್ರೂ ಬಿಗಿದು, ರೇಲಿಂಗನ್ನು ಎರಡೂ ಕೈಯಿಂದ ಜಗ್ಗಿ ನೋಡಿದ. ಅಲುಗಲಿಲ್ಲ. ತಾಯಿಯನ್ನು ಕರೆತರಲು ಇಬ್ಬರೂ ಮೇಲೆ ಹೋದರು.