ಬೀರುವಿನೊಳಗಿದ್ದ ‘ನಾಳೆ ಬಾ’

ಸುಲೋಚನಮ್ಮನನ್ನು ಕೊಂದದ್ದು ಉಬ್ಬಸ ಅಲ್ಲ. ತಾರಸಿಯ ಮೇಲಿದ್ದ ಒಂದು ಪೆಟ್ಟಿಗೆಯನ್ನು ಕೀಳಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದ ಮನುಷ್ಯ ಕೊಂದ. ಮೊದಲು ಇದನ್ನು ಹೇಳಿಬಿಡುತ್ತೇನೆ. ಮಿಕ್ಕದ್ದು ಆಮೇಲೆ.

ಇದು ನನ್ನ ಚಿಕ್ಕಮ್ಮನ ಮಗ ಶ್ರೀಕರನ ಕಣ್ಣೆದುರು ನಡೆದದ್ದು. ಬೆಹಾಲಾದಲ್ಲಿ. ಸುಲೋಚನಮ್ಮ ಹೋದ ಮೇಲೆ ಒಂದು ರಾತ್ರಿ ಕೊನೆಯ ಬಸ್ಸಿಳಿದು ಮನೆಗೆ ಬರುತ್ತಿದ್ದ. ಅವನಿರುವ ಕಟ್ಟಡದ ಹಿಂದೆ ಒಂದು ಹಳೇ ಕೊಳ, ಅಲ್ಲಿನವರ ಬಂಗಾಳಿಯಲ್ಲಿ ಪುಕುರ್. ಅದರ ದಂಡೆಗೆ ಆಲದ ಮರ. ಮಳೆ ನಿಂತಿತ್ತು. ಎಲೆಗಳಿಂದ ನೀರು ಕೊಳಕ್ಕೆ ಬೀಳುತ್ತಿತ್ತು. ಟಪ್... ಟಪ್... ಮರ ದಾಟುವಾಗ ಜೇಬಿನ ಫೋನು ಒಂದು ಸಲ ಗುರ್ರ್ ಅಂತು.

ಅವನು ನಿಂತುಬಿಟ್ಟ. ಆ ಜಾಗದಲ್ಲಿ ಫೋನು ಮಿಸುಕುವಂತೆಯೇ ಇರಲಿಲ್ಲ.

ಯಾಕೆ ಅಂತ ಕೇಳಿ. ಆ ಕಟ್ಟಡಕ್ಕೆ ಎರಡು ಬ್ಲಾಕು. ಹಿಂದಿನದಕ್ಕೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಸುತ್ತ ಎದ್ದ ಹೊಸ ಕಟ್ಟಡಗಳು ನುಂಗಿ ಕೂತಿವೆ. ಕೇಬಲ್‌ನವನು ಇಂಟರ್ನೆಟ್ ಲೈನನ್ನು ಮುಂದಿನ ಬ್ಲಾಕಿಗೆ ಮಾತ್ರ ಎಳೆದ. ಹಿಂದಿನವರು ಬಾಡಿಗೆಯವರು, ಅವರಿಂದ ಏನು ಹುಟ್ಟುತ್ತೆ ಅಂದ. ಶ್ರೀಕರನೂ ಹಿಂದಿನ ಬ್ಲಾಕಿನವನೇ, ಸುಮ್ಮನಿರಲಿಲ್ಲ. ಜನ ಮೂಲೆಗೆ ಬಿಸಾಕಿದ್ದ ಹಳೇ ರೌಟರುಗಳನ್ನು ಕೇಳಿ ತಂದ. ಕಂಪನಿಯವರು ತುಂಬಿದ್ದ ಸಾಫ್ಟ್‌ವೇರನ್ನು ಅಳಿಸಿ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ಫರ್ಮ್‌ವೇರ್ ತುಂಬಿದ. ವೈರಿಲ್ಲದೆ ಒಂದಕ್ಕೊಂದು ಹೆಣೆದ. ಇದಕ್ಕೆ ಮೆಶ್ ಅನ್ನುತ್ತಾರೆ. ಮುಂದಿನ ಬ್ಲಾಕಿನ ಪ್ರೇರಣಾ ತನ್ನ ಲೈನು ಹಂಚಿಕೊಳ್ಳಲು ಒಪ್ಪಿದಳು. ಅವಳ ಮನೆಯಿಂದ ತಾರಸಿಯ ಮೇಲಿಟ್ಟ ರೌಟರ್ ಪೆಟ್ಟಿಗೆಗೆ, ತಾರಸಿಯಿಂದ ಹಿಂದಿನ ಮನೆಗಳಿಗೆ ಇಂಟರ್ನೆಟ್ಟೂ, ಅದರ ಮೂಲಕ ಫೋನಿನ ಕರೆಗಳೂ ದಾಟುತ್ತಿದ್ದವು. ಪ್ರತಿ ಪೆಟ್ಟಿಗೆಯೂ ಪಕ್ಕದಲ್ಲಿ ಯಾರಿದ್ದೀರಿ ಅಂತ ಕೂಗುತ್ತಲೇ ಇರುತ್ತೆ. ಓಗೊಟ್ಟವರ ಹೆಸರು ಅದರ ನೆರೆಯವರ ಪಟ್ಟಿಗೆ ಬರುತ್ತೆ. ತಾರಸಿಯದು ಸತ್ತರೆ ಹಿಂದಿನ ಬ್ಲಾಕು ಪೂರ್ತಿ ಮೂಕ.

ಅದನ್ನೇ ಕೀಳಿಸಿ, ಗೇಟಿನ ಪಕ್ಕದ ಆಫೀಸಿನ ಬೀರುವಿನಲ್ಲಿಟ್ಟವನು ಸೊಸೈಟಿಯ ಸೆಕ್ರೆಟರಿ ನಿರ್ಮಾಲ್ಯಬಾಬು. ತಾರಸಿ ಸೊಸೈಟಿಯದು, ಅಪ್ಪಣೆ ಇಲ್ಲದೆ ಇಟ್ಟಿದ್ದೀರಿ ಅಂದ. ಕೇಬಲ್‌ನವನು ಅವನ ಭಾವಮೈದ. ಅದನ್ನು ಮಾತ್ರ ಅನ್ನಲಿಲ್ಲ.

ಅಪ್ಪಣೆ ಕೇಳಲು ಹೋಗುತ್ತಿದ್ದವರು ಸುಲೋಚನಮ್ಮ. ಮೈಸೂರಿನವರು. ಹಿಂದಿನ ಬ್ಲಾಕಿನ ಕೆಳಮನೆಯಲ್ಲಿ ಸಾರಿನ ಪುಡಿ ಮಾಡಿ ಲೇಕ್ ಮಾರ್ಕೆಟಿನ ಅಂಗಡಿಗಳಿಗೆ ಕೊಟ್ಟು ಬದುಕುತ್ತಿದ್ದರು. ಉಬ್ಬಸ ಇತ್ತು. ನಾಲಿಗೆ ಚುರುಕಿತ್ತು. ಸಂಜೆಯಾದರೆ ಸೆಕ್ರೆಟರಿಯ ಬಾಗಿಲಿಗೆ ಹೋಗುವರು. ಅವನದು ಒಂದೇ ಉತ್ತರ, “ಕಾಲ್ ಆಶ್ಬೇನ್.” ನಾಳೆ ಬನ್ನಿ. ಅವರು ತಂದ ಪುಡಿಯ ಪೊಟ್ಟಣವನ್ನು ಮಾತ್ರ ಅವತ್ತೇ ಇಟ್ಟುಕೊಳ್ಳುತ್ತಿದ್ದ.

ಒಂದು ಸಂಜೆ ವಾಪಸು ಬಂದು ಮೆಟ್ಟಿಲ ಮೇಲೆ ಕೂತು ಉಸಿರೆಳೆದುಕೊಂಡರು.

“ಕೇಳಿದ್ಯೇನೋ ಶ್ರೀಕರ. ನಮ್ಮ ಕಡೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರು. ದೆವ್ವ ಓದ್ಕೊಂಡು ವಾಪಸ್ ಹೋಗ್ಲಿ ಅಂತ. ದೆವ್ವಕ್ಕೆ ಹೇಳೋ ಮಾತನ್ನ ಬದುಕಿರೋಳಿಗೆ ಹೇಳ್ತಾನಲ್ಲೋ ಈ ಮಹರಾಯ.”

“ಓದ್ಕೊಂಡು ಹೋದ ದೆವ್ವ ಮಾರನೇ ದಿನ ಬರಲ್ವಾ, ಸುಲೋಚನಮ್ಮ?”

“ಬರ್ದೆ ಏನು? ದಿನಾ ಬರುತ್ತೆ. ಹೇಳಿದ ಮಾತು ಕೇಳೋದು ದೆವ್ವ ಒಂದೇ ಕಣೋ.”

ಶ್ರೀಕರ ನಕ್ಕ. ಮನೆಗೆ ಹೋಗಿ ತನ್ನ ರೌಟರಿನಲ್ಲಿ, ಬೀರುವಿನೊಳಗಿದ್ದ ಆ ಪೆಟ್ಟಿಗೆಯ ಹಳೇ ಹೆಸರು ತೆಗೆದು ‘ನಾಳೆ ಬಾ’ ಅಂತ ಬರೆದಿಟ್ಟ.

ಮಳೆ ಜಡಿದ ಒಂದು ರಾತ್ರಿ ಸುಲೋಚನಮ್ಮನಿಗೆ ಉಸಿರು ಸಿಕ್ಕಲಿಲ್ಲ. ಬೆಳಿಗ್ಗೆ ಬಾಗಿಲು ಒಡೆದಾಗ ಫೋನು ಕೈಯಲ್ಲೇ ಇತ್ತು. ಶ್ರೀಕರನ ನಂಬರನ್ನು ಮತ್ತೆ ಮತ್ತೆ ಒತ್ತಿದ್ದರು. ಒಂದು ಕರೆಯೂ ಹೊರಗೆ ಹೋಗಿರಲಿಲ್ಲ. ಅವನು ಅವರ ತಲೆಯ ಮೇಲಿನ ಮಹಡಿಯಲ್ಲೇ ಮಲಗಿದ್ದ.

ಆಮೇಲೂ ಬೀರು ತೆರೆಯಲಿಲ್ಲ. ಶ್ರೀಕರನ ಹೆಂಡತಿ ಇಂದಿರಾ ತುಂಬು ಬಸುರಿ. ಅವನು ಊರ ಇನ್ನೊಂದು ತುದಿಯಲ್ಲಿ ಕೆಲಸದಲ್ಲಿದ್ದಾಗ ನೋವು ಬಂದರೆ ಆಂಬುಲೆನ್ಸಿಗೆ ಕರೆ ಹೋಗಲ್ಲ. ಅದನ್ನೂ ಹೇಳಿ ಬೇಡಿದ. ಕಾಲ್ ಆಶ್ಬೇನ್.

ಅಂಥ ಜಾಗದಲ್ಲಿ, ಆಲದ ಕೆಳಗೆ, ಫೋನು ಗುರ್ರ್ ಅಂದದ್ದು.

ಫೋನಿನಲ್ಲೇ ತನ್ನ ರೌಟರಿನ ನೆರೆಯವರ ಪಟ್ಟಿ ತೆರೆದ. ತಾರಸಿಯದು ಹೋದ ಮೇಲೆ ಮಿಕ್ಕವರೂ ತಮ್ಮವನ್ನು ಆರಿಸಿದ್ದರು, ಖಾಲಿ ಇರಬೇಕಿತ್ತು. ಒಂದು ಹೆಸರಿತ್ತು.

ನಾಳೆ ಬಾ.

ಗೇಟಿನಲ್ಲಿ ಕಾವಲುಗಾರ ಜೀವನ್ ಕೂತಿದ್ದ. ಶ್ರೀಕರ ಬಗ್ಗಿ ಪಿಸುಗುಟ್ಟಿದ, ಯಾರಾದರೂ ಬೀರು ತೆಗೆದರಾ ಅಂತ. ಜೀವನ್ ಇಲ್ಲ ಅಂತ ತಲೆಯಾಡಿಸಿದ. ಕುರ್ಚಿಯ ಕೆಳಗಿನಿಂದ ಏನನ್ನೋ ಎಳೆದು ತೋರಿಸಿದ. ಆ ಪೆಟ್ಟಿಗೆಗೆ ಕರೆಂಟು ಕೊಡುವ ವೈರು.

ಆಗ ಶ್ರೀಕರನ ಫೋನು ಹೊಡೆದುಕೊಂಡಿತು.

ಪರದೆಯ ಮೇಲೆ... ಸುಲೋಚನಮ್ಮ.

ಸುಲೋಚನಮ್ಮನ ಫೋನು ಅವನ ಹೆಗಲ ಚೀಲದಲ್ಲೇ ಇತ್ತು. ಅವರ ತಂಗಿಗೆ ಕಳಿಸಬೇಕೆಂದು ಇಟ್ಟುಕೊಂಡಿದ್ದ. ಚಾರ್ಜು ಮುಗಿದು ಎಂದೋ ಸತ್ತಿತ್ತು.

ಜೀವನ್ ಅವನ ಮಣಿಕಟ್ಟು ಹಿಡಿದ. “ಧೋರ್ಬೇನ್ ನಾ, ದಾದಾ.” ಎತ್ತಬೇಡಿ, ಅಣ್ಣಾ. ರಾತ್ರಿ ಗುರುತಿನವರ ದನಿಯಲ್ಲಿ ಕರೆಯುವುದು ನಿಶಿ. ಎರಡು ಸಲ ಕರೆಯುತ್ತೆ, ಅಷ್ಟೇ. ಮೂರನೇ ಸಲ ಕರೆಯುವುದು ಮನುಷ್ಯರು ಮಾತ್ರ.

ನಿಂತಿತು. ಮತ್ತೆ ಬಡಿದುಕೊಂಡಿತು. ನಿಂತಿತು.

ಇಬ್ಬರೂ ಕಾದರು. ಕೊಳದ ಕಪ್ಪೆಗಳು ಸುಮ್ಮನಾದವು. ಟಪ್... ಟಪ್...

ಮೂರನೆಯ ಕರೆ ಬಂತು. ಬಂದದ್ದು ಶ್ರೀಕರನ ಫೋನಿಗಲ್ಲ. ಮುಂದಿನ ಬ್ಲಾಕಿನ ಮೇಲೆ, ಸೆಕ್ರೆಟರಿಯ ತೆರೆದ ಕಿಟಕಿಯೊಳಗೆ. ಒಂದು ಸಲ ಬಡಿದು ನಿಂತಿತು. ಅವನು ಎತ್ತಿದ್ದ. ಅಳುವಿಗೆ ಹತ್ತಿರದ ದನಿ ಕೇಳಿಸಿತು.

“ಕಾಲ್... ಕಾಲ್ ಆಶ್ಬೇನ್.”

ಆಗ ಗೇಟಿನ ಪಕ್ಕದ ಆಫೀಸಿನಿಂದ, ಬೀಗ ಹಾಕಿದ ಬೀರುವಿನೊಳಗಿಂದ ಸದ್ದು ಬಂತು. ಸುಂಯ್... ಸುಂಯ್... ಎದೆ ಕಟ್ಟಿದವರು ಮೆಟ್ಟಿಲ ಮೇಲೆ ಕೂತು ಉಸಿರೆಳೆದುಕೊಳ್ಳುವ ಸದ್ದು. ಶ್ರೀಕರನಿಗೆ ಗುರುತು ಹತ್ತಿತು.

ಆಯಮ್ಮ ಹೋದಾಗಿನಿಂದ ರಾತ್ರಿ ರಾತ್ರಿ ಹೀಗೇ ಅಂದ ಜೀವನ್. “ಬಾಬು ನಾಳೆ ಬನ್ನಿ ಅಂತಾರೆ. ಅವರು ಬರ್ತಾರೆ.”

ಶ್ರೀಕರನಿಗೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು. ಕಿಟಕಿಯ ಕೆಳಗೆ ಹೋಗಿ ನಿಂತ. ಕೂಗಲಿಲ್ಲ.

“ನಿರ್ಮಾಲ್ಯಬಾಬು, ನೀವು ನಾಳೆ ಅನ್ನೋ ತನಕ ಅವರು ಬರ್ತಾನೇ ಇರ್ತಾರೆ. ಇವತ್ತು ಅನ್ನಿ.”

ಕಿಟಕಿಯಿಂದ ಒಂದು ಕೈ ಹೊರಬಂತು. ಬೀಗದ ಕೈ ಕಲ್ಲಿನ ಮೇಲೆ ಬಿತ್ತು. ಛಣ್.

ಬೀರು ತೆರೆದರು. ಪೆಟ್ಟಿಗೆ ಇತ್ತು. ವೈರಿಲ್ಲ, ದೀಪವಿಲ್ಲ, ಮೇಲೆ ಧೂಳು ಕೂತಿತ್ತು. ಶ್ರೀಕರ ಮುಟ್ಟಿದ. ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯ ಹಾಗೆ ಬೆಚ್ಚಗಿತ್ತು.

ಅದೇ ರಾತ್ರಿ ತಾರಸಿಗೆ ಒಯ್ದು ಕಟ್ಟಿದ. ಇಂದಿರಾಗೆ ನೋವು ಬಂದಾಗ ಆಂಬುಲೆನ್ಸಿಗೆ ಕರೆ ಹೋಯಿತು. ಗಾಡಿ ಬಂತು. ಮಗು ಉಳಿಯಿತು, ತಾಯಿ ಉಳಿದಳು. ಸೆಕ್ರೆಟರಿಯ ಕಿಟಕಿ ಈಗ ರಾತ್ರಿ ಮುಚ್ಚಿರುತ್ತೆ.

ಒಂದು ಮಾತು ಉಳಿದಿದೆ. ಆ ಫರ್ಮ್‌ವೇರ್ ತಾನು ಎಷ್ಟು ಹೊತ್ತಿನಿಂದ ಆರದೆ ಉರಿಯುತ್ತಿದ್ದೇನೆ ಅಂತ ಲೆಕ್ಕ ಇಟ್ಟುಕೊಳ್ಳುತ್ತೆ. ವೈರು ಕಿತ್ತರೆ ಲೆಕ್ಕ ಸೊನ್ನೆಯಿಂದ ಶುರು. ಶ್ರೀಕರ ತಾರಸಿಯಲ್ಲಿ ಅದನ್ನು ತೆರೆದು ನೋಡಿದ. ಮೊದಲ ಸಲ ಅಲ್ಲಿ ಕಟ್ಟಿದ ದಿನದಿಂದ ಅದು ಒಂದು ಕ್ಷಣವೂ ಆರಿರಲಿಲ್ಲ.

ನಾನೇ ಬೆಹಾಲಾಕ್ಕೆ ಹೋಗಿ ನೋಡಿ ಬಂದಿದ್ದೇನೆ. ನಂಬದವರು ಹೋಗಿ ನೋಡಿ. ನಡೆದದ್ದು ನಡೆದದ್ದೇ.

ನಿಮ್ಮ ಕಟ್ಟಡದಲ್ಲೂ ಅಂಥದೊಂದು ಬೀರು ಇದೆ. ಅದರ ಕೀಲಿ ಯಾರ ಜೇಬಿನಲ್ಲಿದೆ ಅಂತ ನಿಮಗೆ ಗೊತ್ತು. ಏಳಿ. ಅವನ ಬಾಗಿಲು ತಟ್ಟಿ. ನಾಳೆ ಬನ್ನಿ ಅಂದರೆ ಹೊಸ್ತಿಲಿನಿಂದ ಕದಲಬೇಡಿ. ಬದುಕಿರುವಾಗಲೇ ಹೋಗಿ. ಇವತ್ತೇ ಹೋಗಿ.